ಸಂಸಾರದ ತೂಕ, ಸರ್ಕಾರದ ತಕ್ಕಡಿ

ಸರ್ಕಾರಿ ನೌಕರನ ಕೈಗೆ ಬರುವ ವರ್ಗದ ಆದೇಶದಲ್ಲಿ ಎರಡು ಊರುಗಳ ಹೆಸರು ಮಾತ್ರ ಇರುತ್ತದೆ. ಬಿಟ್ಟು ಹೊರಡಬೇಕಾದ ಊರು ಒಂದು, ಹೋಗಿ ಸೇರಬೇಕಾದ ಊರು ಇನ್ನೊಂದು. ಅವೆರಡರ ನಡುವೆ ಸಾಗಬೇಕಾದ ಸಂಸಾರದ ಮಾತು ಆ ಕಾಗದದಲ್ಲಿ ಕಾಣುವುದಿಲ್ಲ. ಮಂಚ, ಬೀರು, ಪಾತ್ರೆ ಪಡಗ, ಪುಸ್ತಕದ ಕಪಾಟು, ಮಕ್ಕಳ ತೊಟ್ಟಿಲು, ಹಿರಿಯರ ಕಾಲದಿಂದ ಬಂದ ಮರದ ಪೆಟ್ಟಿಗೆ, ಇವೆಲ್ಲವೂ ಹೊರಡಬೇಕು. ಇವನ್ನು ಸಾಗಿಸುವ ವೆಚ್ಚವನ್ನು ಯಾರು ಕೊಡಬೇಕು? ಸರ್ಕಾರ ಕೊಡುವುದಾದರೆ ಎಷ್ಟು ಭಾರಕ್ಕೆ ಕೊಡಬೇಕು? ಭಾರ ಆ ಮಿತಿಯನ್ನು ಮೀರಿದರೆ ಅದರ ಹೊಣೆ ಯಾರ ತಲೆಯ ಮೇಲೆ ಬೀಳಬೇಕು? ನೋಡುವುದಕ್ಕೆ ಇವು ಗುಮಾಸ್ತರ ಮೇಜಿನ ಮೇಲಿನ ಸಣ್ಣ ಪ್ರಶ್ನೆಗಳು. ಆದರೆ ಒಂದು ರಾಜ್ಯವ್ಯವಸ್ಥೆ ತನ್ನ ಸೇವಕರನ್ನು ಹೇಗೆ ಕಾಣುತ್ತದೆ, ತನ್ನ ಬೊಕ್ಕಸವನ್ನು ಹೇಗೆ ಕಾಯುತ್ತದೆ ಎಂಬುದನ್ನು ತಿಳಿಯಲು ದೊಡ್ಡ ದೊಡ್ಡ ಘೋಷಣೆಗಳಿಗಿಂತ ಇಂತಹ ಸಣ್ಣ ಪ್ರಶ್ನೆಗಳೇ ಹೆಚ್ಚು ನೆರವಾಗುತ್ತವೆ. ಈ ಪ್ರಶ್ನೆಯ ಚರಿತ್ರೆ ಅತ್ಯಂತ ವಿವರವಾಗಿ ದಾಖಲಾಗಿರುವುದು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ. ಆ ಕಥೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಬಹುದು.

ಆ ದೇಶದ ಕೇಂದ್ರ ಸರ್ಕಾರದ ಚರಿತ್ರೆಯ ಮೊದಲ ಅಧ್ಯಾಯಗಳಲ್ಲೇ ಒಂದು ದೊಡ್ಡ ಮನೆ ಬದಲಾವಣೆಯ ಪ್ರಸಂಗವುಂಟು. 1790ರ ಜುಲೈ 16ರಂದು ಅಂಗೀಕಾರವಾದ ಕಾನೂನು, ಪೊಟೋಮ್ಯಾಕ್ ನದಿಯ ದಡದಲ್ಲಿ ಹೊಸ ರಾಜಧಾನಿ ನಿರ್ಮಾಣವಾಗಬೇಕೆಂದೂ, 1800ನೆಯ ಇಸವಿಯ ಡಿಸೆಂಬರ್ ತಿಂಗಳ ಮೊದಲ ಸೋಮವಾರದ ಹೊತ್ತಿಗೆ ಸರ್ಕಾರ ಫಿಲಡೆಲ್ಫಿಯಾದಿಂದ ಅಲ್ಲಿಗೆ ಹೋಗಬೇಕೆಂದೂ ವಿಧಿಸಿತು. ಹಾಗೆ ಹೋಗುವುದಕ್ಕೆ ತಗಲುವ ಅವಶ್ಯ ವೆಚ್ಚವನ್ನು ಆಮದು ಸುಂಕ ಮತ್ತು ಹಡಗುಗಳ ಮೇಲಿನ ತೆರಿಗೆಯ ಉತ್ಪನ್ನದಿಂದ ಭರಿಸತಕ್ಕದ್ದೆಂದು ಅದೇ ಕಾನೂನು ಹೇಳಿತು. 1800ರಲ್ಲಿ ದಫ್ತರುಗಳ ಪೆಟ್ಟಿಗೆಗಳು ಹಡಗನ್ನೇರಿದುವು. ನವೆಂಬರ್ 1ರಂದು ಅಧ್ಯಕ್ಷ ಜಾನ್ ಆಡಮ್ಸ್ ಇನ್ನೂ ಪೂರ್ತಿಯಾಗದಿದ್ದ ತಮ್ಮ ಹೊಸ ನಿವಾಸವನ್ನು ಹೊಕ್ಕರು. ಸರ್ಕಾರವೇ ಗಂಟುಮೂಟೆ ಕಟ್ಟಿದಾಗ ಅದರ ವೆಚ್ಚಕ್ಕೆ ಮೊದಲೇ ವ್ಯವಸ್ಥೆಯಾಗಿತ್ತು ಎಂಬುದನ್ನು ನಾವು ನೆನಪಿನಲ್ಲಿಡಬೇಕು. ಏಕೆಂದರೆ ಒಬ್ಬೊಬ್ಬ ನೌಕರನ ಗಂಟುಮೂಟೆಗೆ ಅಂತಹ ಸಾರ್ವತ್ರಿಕ ವ್ಯವಸ್ಥೆ ಆಗಲು ಮುಂದೆ ಸುಮಾರು ಒಂದೂವರೆ ಶತಮಾನ ಬೇಕಾಯಿತು.

ಈ ವಿಳಂಬಕ್ಕೆ ಕಾರಣವನ್ನು ಅಮೆರಿಕದ ಸಂವಿಧಾನದಲ್ಲಿಯೇ ಹುಡುಕಬೇಕು. ಶಾಸನದ ಮೂಲಕ ಮಂಜೂರಾಗದ ಒಂದು ಕಾಸನ್ನೂ ಖಜಾನೆಯಿಂದ ತೆಗೆಯಕೂಡದು ಎಂಬುದು ಅದರ ಮೊದಲನೆಯ ವಿಧಿಯ ಒಂಬತ್ತನೆಯ ಪ್ರಕರಣದ ಕಟ್ಟಳೆ. ಹಣವನ್ನು ವೆಚ್ಚ ಮಾಡುವವನು ಅಧಿಕಾರಿ, ಹಣಕ್ಕೆ ಒಡೆಯ ಕಾಂಗ್ರೆಸ್ಸು ಎನಿಸಿದ ಆ ದೇಶದ ಶಾಸನಸಭೆ. ಆದ್ದರಿಂದ ಮೇಲಧಿಕಾರಿ ಎಷ್ಟೇ ಉದಾರಿಯಾಗಿದ್ದರೂ, ವರ್ಗವಾದ ಗುಮಾಸ್ತನ ಸಾಮಾನು ಸಾಗಿಸಲು ಅವಕಾಶ ಕೊಡುವ ಶಾಸನವಿಲ್ಲದಿದ್ದರೆ ಅವನ ಕೈ ಕಟ್ಟಿದಂತೆಯೇ. 1940ಕ್ಕೆ ಮುಂಚೆ ಈ ಅವಕಾಶ ಎಲ್ಲ ಇಲಾಖೆಗಳಿಗೂ ಒಂದೇ ಬಗೆಯಾಗಿರಲಿಲ್ಲ. ಆಯಾ ಇಲಾಖೆಯ ಮಂಜೂರಾತಿಯ ಮಾತುಗಳಲ್ಲಿ ಏನಿತ್ತೋ ಅದೇ ಅಲ್ಲಿನ ನೌಕರನ ಭಾಗ್ಯ. ಒಂದೇ ಬೀದಿಯ ಎರಡು ಕಚೇರಿಗಳಲ್ಲಿ ದುಡಿಯುವ ಇಬ್ಬರಿಗೆ ಒಂದೇ ದಿನ ವರ್ಗವಾದರೂ ಇಬ್ಬರ ಹಕ್ಕೂ ಒಂದೇ ಆಗಿರಬೇಕೆಂಬ ನಿಯಮವಿರಲಿಲ್ಲ.

ಈ ಕಟ್ಟಳೆಯ ಕಾವಲುಗಾರನಾಗಿ ನಿಂತ ಹುದ್ದೆಯ ವಿಚಾರವನ್ನೂ ಇಲ್ಲಿಯೇ ಹೇಳಬೇಕು. 1789ರಲ್ಲಿ ಖಜಾನೆ ಇಲಾಖೆ ಹುಟ್ಟಿದಾಗಲೇ ಲೆಕ್ಕಗಳನ್ನು ಪರಿಶೀಲಿಸುವ ಕಂಪ್ಟ್ರೋಲರನ ಸ್ಥಾನವೂ ಹುಟ್ಟಿತು. 1921ರ ಜೂನ್ 10ರಂದು ಅಧ್ಯಕ್ಷ ಹಾರ್ಡಿಂಗ್ ಸಹಿ ಹಾಕಿದ ಆಯವ್ಯಯ ಮತ್ತು ಲೆಕ್ಕಪತ್ರಗಳ ಕಾನೂನು ಈ ಕೆಲಸವನ್ನು ಖಜಾನೆಯಿಂದ ಬೇರ್ಪಡಿಸಿ, ಜನರಲ್ ಅಕೌಂಟಿಂಗ್ ಆಫೀಸ್ ಎಂಬ ಸ್ವತಂತ್ರ ಕಚೇರಿಯನ್ನು ಸ್ಥಾಪಿಸಿತು. ಅದರ ಮುಖ್ಯಸ್ಥನೇ ಕಂಪ್ಟ್ರೋಲರ್ ಜನರಲ್. ಅವನ ಅಧಿಕಾರಾವಧಿ ಹದಿನೈದು ವರ್ಷ. ಅಧ್ಯಕ್ಷರು ಬದಲಾದರೂ ಅವನು ಬದಲಾಗಬೇಕಾಗಿಲ್ಲ. ಮೊದಲ ಕಂಪ್ಟ್ರೋಲರ್ ಜನರಲ್ ಆದ ಜಾನ್ ಮೆಕಾರ್ಲ್ 1921ರಿಂದ 1936ರವರೆಗೆ ಆ ಪೀಠದಲ್ಲಿದ್ದರು. ಕೋಟಿಗಳ ಯೋಜನೆಯನ್ನು ನೋಡುವ ಕಣ್ಣಿನಿಂದಲೇ ಅವರು ನೌಕರನ ಪ್ರಯಾಣದ ಚಿಲ್ಲರೆ ಬಿಲ್ಲನ್ನೂ ನೋಡುತ್ತಿದ್ದರೆಂದು ಪ್ರಸಿದ್ಧಿ. ಬೊಕ್ಕಸದ ಕಾವಲುನಾಯಿ ಎಂದು ಜನ ಅವರನ್ನು ಕರೆದರು. ಆ ಮಾತಿನಲ್ಲಿ ಮೆಚ್ಚುಗೆಯೂ ಇತ್ತು, ಸಿಡಿಮಿಡಿಯೂ ಇತ್ತು.

ಸಾಮಾನು ಸಾಗಣೆಯ ವಿಷಯದಲ್ಲಿ ಏಕರೂಪತೆ ಮೊದಲು ಬಂದದ್ದು 1940ರಲ್ಲಿ. ಆ ವರ್ಷದ ಅಕ್ಟೋಬರ್ 10ರ ಕಾನೂನು ವರ್ಗವಾದ ನೌಕರರ ಗೃಹಸಾಮಗ್ರಿಯನ್ನು ಸಾಗಿಸುವ ವೆಚ್ಚಕ್ಕೆ ಒಂದೇ ಬಗೆಯ ನಿಯಮಗಳಿರಬೇಕೆಂದಿತು. ನವೆಂಬರ್ 7ರಂದು ಅಧ್ಯಕ್ಷ ರೂಸ್‌ವೆಲ್ಟರ ಆದೇಶ ಆ ನಿಯಮಗಳನ್ನು ಹೊರಡಿಸಿತು. ಅಷ್ಟರಲ್ಲಿ ಯುದ್ಧದ ಕಾಲ. ರಾಜಧಾನಿಯಲ್ಲಿ ಸ್ಥಳ ಸಾಲದೆ ಕೆಲವು ಕಚೇರಿಗಳನ್ನೇ ಬೇರೆ ಊರುಗಳಿಗೆ ಕಳುಹಿಸಬೇಕಾಯಿತು. ಷೇರು ವ್ಯವಹಾರಗಳನ್ನು ನಿಯಂತ್ರಿಸುವ ಆಯೋಗ 1942ರಲ್ಲಿ ಫಿಲಡೆಲ್ಫಿಯಾಕ್ಕೆ ಹೋಗಿ 1948ರಲ್ಲಿ ಹಿಂದಿರುಗಿತು. ಪೇಟೆಂಟ್ ಕಚೇರಿಯ ಬಹುಭಾಗ ರಿಚ್ಮಂಡಿಗೆ ತೆರಳಿತು. ಕಚೇರಿಯ ಜೊತೆಗೆ ಅದನ್ನೇ ನಂಬಿದ ಕುಟುಂಬಗಳೂ ಹೊರಟುವು. ವರ್ಗವೆಂಬುದು ಕೆಲವು ಅಧಿಕಾರಿಗಳ ಪಾಡಾಗಿ ಉಳಿಯದೆ ಸಾಮಾನ್ಯ ಗುಮಾಸ್ತರ, ಬೆರಳಚ್ಚುಗಾರರ ಬದುಕನ್ನೂ ಹೊಕ್ಕಿತು.

ಯುದ್ಧ ಮುಗಿದ ಮರುವರ್ಷ, 1946ರ ಆಗಸ್ಟ್ 2ರಂದು, ಆಡಳಿತ ವೆಚ್ಚಗಳ ಕಾನೂನು ಜಾರಿಗೆ ಬಂತು. ಇಂದಿಗೂ ಈ ವಿಷಯದ ತಳಹದಿ ಅದೇ. ಅದರ ತತ್ತ್ವ ಸರಳವಾದದ್ದು. ನೌಕರನ ಸ್ವಂತ ಅನುಕೂಲಕ್ಕಾಗಿ ಅಥವಾ ಅವನೇ ಬೇಡಿಕೊಂಡು ಆದ ವರ್ಗವಲ್ಲದೆ, ಸರ್ಕಾರದ ಹಿತಕ್ಕಾಗಿ ಆದ ವರ್ಗವಾದರೆ, ಅವನ ಮತ್ತು ಅವನ ಕುಟುಂಬದ ಪ್ರಯಾಣವೆಚ್ಚವನ್ನೂ ಮನೆಯ ಸಾಮಾನಿನ ಸಾಗಣೆಯ ವೆಚ್ಚವನ್ನೂ ಸರ್ಕಾರ ಕೊಡತಕ್ಕದ್ದು. ಆದರೆ ಕೊಟ್ಟ ಕೈಯೇ ಒಂದು ಗೆರೆಯನ್ನೂ ಎಳೆಯಿತು. ಸಾಮಾನು ಮರದ ಚೌಕಟ್ಟುಗಳಲ್ಲಿ ಕಟ್ಟದೆ ಹಾಗೆಯೇ ಸಾಗುವುದಾದರೆ 7,000 ಪೌಂಡು, ಚೌಕಟ್ಟು ಕಟ್ಟಿ ಸಾಗುವುದಾದರೆ 8,750 ಪೌಂಡು. ಪೌಂಡೆಂದರೆ ನಮ್ಮ ಹಳಬರು ರಾತಲು ಎನ್ನುತ್ತಿದ್ದ ತೂಕ, ಅರ್ಧ ಕಿಲೋಗ್ರಾಮಿಗಿಂತ ತುಸು ಕಡಮೆ. ಏಳು ಸಾವಿರ ಪೌಂಡೆಂದರೆ ಸುಮಾರು 3,175 ಕಿಲೋಗ್ರಾಂ ಆಯಿತು. ಎರಡು ಅಂಕಿಗಳ ನಡುವಣ ನಾಲ್ಕನೆಯ ಒಂದು ಪಾಲಿನಷ್ಟು ಹೆಚ್ಚಳ ಮರದ ಚೌಕಟ್ಟಿಗಾಗಿ ಬಿಟ್ಟ ತೂಕ. ಅದೇ ವರ್ಷದ ನವೆಂಬರ್ 25ರಂದು ಅಧ್ಯಕ್ಷ ಟ್ರೂಮನ್ನರ ಆದೇಶ ವಿವರವಾದ ನಿಯಮಗಳನ್ನು ಪ್ರಕಟಿಸಿತು.

ಮಿತಿಯನ್ನು ನಿಯಮದಲ್ಲಿ ಇಡದೆ ಶಾಸನದಲ್ಲಿಯೇ ಇಟ್ಟದ್ದು ಬಹಳ ಮುಖ್ಯವಾದ ಸಂಗತಿ. ನಿಯಮವನ್ನಾದರೆ ಮಾಡಿದ ಅಧಿಕಾರಿಯೇ ಸಡಿಲಿಸಬಹುದಾಗಿತ್ತೇನೋ. ಶಾಸನದಲ್ಲಿ ಬರೆದ ಅಂಕಿಯನ್ನು ಮಂತ್ರಿಯೂ ಅಧ್ಯಕ್ಷನೂ ಮೀರಲಾಗದು. ಕಾಂಗ್ರೆಸ್ಸೊಂದೇ ಅದನ್ನು ತಿದ್ದಬಲ್ಲುದು. ಅದು ತಿದ್ದಿದ್ದು ಎರಡು ಸಲ. 1966ರ ಜುಲೈ 21ರ ಕಾನೂನು ಮಿತಿಯನ್ನು 11,000 ಪೌಂಡಿಗೆ ಏರಿಸಿತು. 1983ರ ನವೆಂಬರ್ 14ರ ಕಾನೂನು ಅದನ್ನು 18,000 ಪೌಂಡು ಮಾಡಿತು. ಅಂದರೆ ಸುಮಾರು 8,165 ಕಿಲೋಗ್ರಾಂ. ಮೂವತ್ತೇಳು ವರ್ಷಗಳಲ್ಲಿ ಸರ್ಕಾರ ಒಪ್ಪಿದ ಸಂಸಾರದ ತೂಕ ಎರಡೂವರೆ ಪಾಲಿಗಿಂತ ಹೆಚ್ಚಾಯಿತು. ಶೀತಕಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರ, ದೂರದರ್ಶನದ ಪೆಟ್ಟಿಗೆ, ಮೆತ್ತನೆಯ ಪೀಠಗಳು ಒಂದೊಂದಾಗಿ ಅಮೆರಿಕದ ಮಧ್ಯಮವರ್ಗದ ಮನೆಯನ್ನು ತುಂಬಿದ ಕಾಲ ಅದು. ಆ ದೇಶದ ಗೃಹಜೀವನದ ಚರಿತ್ರೆಯನ್ನು ಬರೆಯುವವರು ಕಾದಂಬರಿಗಳನ್ನು ನೋಡುವಂತೆ ಈ ಮೂರು ಅಂಕಿಗಳನ್ನೂ ನೋಡಬಹುದು.

ಇನ್ನು ಹಣ ಕೊಡುವ ಕ್ರಮ ಎರಡು ಬಗೆ. ಮೊದಲನೆಯದರಲ್ಲಿ ನೌಕರನೇ ಸಾಗಣೆದಾರನನ್ನು ಗೊತ್ತುಮಾಡಿಕೊಂಡು ಸಾಮಾನು ಸಾಗಿಸುತ್ತಾನೆ. ಬಳಿಕ ದೂರ ಮತ್ತು ತೂಕಕ್ಕೆ ತಕ್ಕಂತೆ ನೂರು ಪೌಂಡಿಗೆ ಇಷ್ಟೆಂಬ ನಿಗದಿಯಾದ ದರದಲ್ಲಿ ಸರ್ಕಾರ ಅವನಿಗೆ ಹಣ ಕೊಡುತ್ತದೆ. ಎರಡನೆಯದರಲ್ಲಿ ಸರ್ಕಾರವೇ ತನ್ನ ರವಾನೆ ಪತ್ರದ ಮೇಲೆ ಸಾಗಣೆದಾರನನ್ನು ನೇಮಿಸಿ, ಅವನ ಬಿಲ್ಲನ್ನು ನೇರವಾಗಿ ಸಂದಾಯ ಮಾಡುತ್ತದೆ. ನೌಕರನಿಗೆ ಇದು ಬಹಳ ಹಿತವಾಗಿ ಕಾಣುತ್ತದೆ. ಜೇಬಿನಿಂದ ಕಾಸು ತೆಗೆಯಬೇಕಾಗಿಲ್ಲ, ಬಾಗಿಲಿಗೆ ಲಾರಿ ಬರುತ್ತದೆ, ಹೊಸ ಊರಿನ ಬಾಗಿಲಲ್ಲಿ ಸಾಮಾನು ಇಳಿಯುತ್ತದೆ. ಆದರೆ ಮಿತಿ ಮೀರಿದವನಿಗೆ ಸಂಕಟ ಕಾದಿರುವುದು ಈ ಎರಡನೆಯ ದಾರಿಯಲ್ಲೇ. ಸರ್ಕಾರ ಮೊದಲು ಇಡೀ ಬಿಲ್ಲನ್ನು ಕೊಟ್ಟುಬಿಡುತ್ತದೆ. ಆಮೇಲೆ ಲೆಕ್ಕ ಪರಿಶೀಲಿಸಿ ಹೆಚ್ಚುವರಿ ಭಾರದ ಪಾಲನ್ನು ನೌಕರನಿಂದ ವಸೂಲು ಮಾಡುತ್ತದೆ. ಮನೆಯೆಲ್ಲ ಜೋಡಿಸಿ, ಮಕ್ಕಳನ್ನು ಹೊಸ ಶಾಲೆಗೆ ಸೇರಿಸಿ, ಊರು ಅಭ್ಯಾಸವಾಗುತ್ತಿರುವ ಹೊತ್ತಿಗೆ ಕಾಗದವೊಂದು ಬರುತ್ತದೆ, ನೀವು ಸರ್ಕಾರಕ್ಕೆ ಇಷ್ಟು ಬಾಕಿ ಎಂದು.

ವಸೂಲಿಯ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಮಿತಿ 11,000 ಪೌಂಡು ಇದ್ದ ಕಾಲದಲ್ಲಿ ಒಬ್ಬನ ಸಾಮಾನು 13,200 ಪೌಂಡು ತೂಗಿತೆನ್ನೋಣ. ಹೆಚ್ಚಾದದ್ದು 2,200 ಪೌಂಡು, ಎಂದರೆ ಒಟ್ಟು ಭಾರದ ಆರರಲ್ಲಿ ಒಂದು ಪಾಲು. ಒಟ್ಟು ಸಾಗಣೆಯ ವೆಚ್ಚ 3,000 ಡಾಲರು ಆಗಿದ್ದರೆ ಅದರ ಆರರಲ್ಲಿ ಒಂದು ಪಾಲು, 500 ಡಾಲರು, ನೌಕರನ ತಲೆಗೆ ಬಂತು. ಲಾರಿ ಹೇಗೂ ಆ ದಾರಿಯಲ್ಲೇ ಹೋಗುತ್ತಿತ್ತಲ್ಲ, ನಾಲ್ಕು ಪೆಟ್ಟಿಗೆ ಹೆಚ್ಚಾದದ್ದರಿಂದ ನಿಜವಾಗಿ ಹೆಚ್ಚಾದ ವೆಚ್ಚವೆಷ್ಟು ಎಂಬ ವಾದಕ್ಕೆ ಇಲ್ಲಿ ಎಡೆಯಿಲ್ಲ. ಭಾರದ ಪ್ರಮಾಣವೇ ವೆಚ್ಚದ ಪ್ರಮಾಣ.

ಹೀಗಿರುವಾಗ ಎಲ್ಲವೂ ತೂಕದ ಮೇಲೆ ನಿಂತಿತು. ತೂಗುವ ವಿಧಾನ ನಮ್ಮ ವೇಬ್ರಿಡ್ಜುಗಳಲ್ಲಿ ಕಾಣುವಂಥದೇ. ಮೊದಲು ಖಾಲಿ ಲಾರಿಯನ್ನು ತೂಗಿ ಚೀಟಿ ಪಡೆಯಬೇಕು. ಸಾಮಾನು ತುಂಬಿದ ಮೇಲೆ ಮತ್ತೆ ತೂಗಬೇಕು. ಎರಡರ ಅಂತರವೇ ಸಾಮಾನಿನ ತೂಕ. ಒಂದೇ ಲಾರಿಯಲ್ಲಿ ಮೂರು ನಾಲ್ಕು ಸಂಸಾರಗಳ ಸಾಮಾನು ಸೇರುವುದೂ ಉಂಟು. ಆಗ ಮೊದಲನೆಯವರ ಸಾಮಾನು ತುಂಬಿದ ತೂಕವೇ ಎರಡನೆಯವರ ಲೆಕ್ಕಕ್ಕೆ ಖಾಲಿ ತೂಕವಾಗುತ್ತದೆ. ಚೀಟಿ ಕಳೆದುಹೋದರೆ, ಅಥವಾ ಹತ್ತಿರದಲ್ಲಿ ವೇಬ್ರಿಡ್ಜು ಇಲ್ಲದಿದ್ದರೆ, ಸಾಮಾನು ಆಕ್ರಮಿಸಿದ ಜಾಗವನ್ನು ಅಳೆದು, ಒಂದು ಘನ ಅಡಿಗೆ ಏಳು ಪೌಂಡಿನಂತೆ ಊಹೆಯ ತೂಕವನ್ನು ಕಟ್ಟುತ್ತಿದ್ದರು. ಹತ್ತಿಯ ದಿಂಬಿಗೂ ಕಬ್ಬಿಣದ ಒಲೆಗೂ ಘನ ಅಡಿಯ ಲೆಕ್ಕದಲ್ಲಿ ಭೇದವಿಲ್ಲ.

ತಕ್ಕಡಿ ಇದ್ದ ಕಡೆ ತಕ್ಕಡಿಯ ಮೋಸವೂ ಇರುತ್ತದೆ. ಖಾಲಿ ಲಾರಿಯನ್ನು ತೂಗುವಾಗ ಇರಬೇಕಾದ ಇಂಧನ, ಹಗ್ಗ, ಹೊದಿಕೆಗಳನ್ನು ಬಿಟ್ಟು ತೂಗುವುದು, ತುಂಬಿದ ಲಾರಿಯನ್ನು ತೂಗುವಾಗ ಆಳುಗಳನ್ನು ಒಳಗೆ ಕೂರಿಸುವುದು, ಇವೆಲ್ಲ ಅಂತಹ ಚಮತ್ಕಾರಗಳು. ಗ್ರಾಹಕರಿಗೆ ಇದರಿಂದಾದ ಹಾನಿಯನ್ನು ಮನಗಂಡ ಕಾಂಗ್ರೆಸ್ಸು 1980ರಲ್ಲಿ ಗೃಹಸಾಮಗ್ರಿ ಸಾಗಣೆಯ ಕಾನೂನನ್ನು ಮಾಡಿದಾಗ, ತಿಳಿದೂ ತಿಳಿದೂ ಸುಳ್ಳು ತೂಕ ಬರೆಯುವುದನ್ನು ಪ್ರತ್ಯೇಕ ಅಪರಾಧವನ್ನಾಗಿ ಮಾಡಿತು. ಸಾಮಾನು ಇಳಿಯುವ ಮುನ್ನ ಮತ್ತೊಮ್ಮೆ ತೂಗಿಸಬೇಕೆಂದು ಕೇಳುವ ಹಕ್ಕು ಗ್ರಾಹಕನಿಗುಂಟು. ಆದರೆ ಸಾಮಾನು ಒಮ್ಮೆ ಇಳಿದು ಕೋಣೆ ಕೋಣೆಗಳಲ್ಲಿ ಹರಡಿದ ಬಳಿಕ ಸಾಕ್ಷ್ಯವೇ ಕರಗಿಹೋಯಿತು. ಬಾಕಿಯ ಕಾಗದ ಬರುವುದಾದರೋ ಆಮೇಲೆ.

ಆ ಕಾಗದ ಕೈಗೆ ಬಂದ ನೌಕರರು ಸಲ್ಲಿಸಿದ ಅಹವಾಲುಗಳು ಕಂಪ್ಟ್ರೋಲರ್ ಜನರಲರ ತೀರ್ಪುಗಳ ಸಂಪುಟಗಳಲ್ಲಿ ದಶಕಗಳ ಕಾಲ ಮತ್ತೆ ಮತ್ತೆ ಕಾಣಿಸುತ್ತವೆ. ಹೊರಡುವ ಮುಂಚೆ ಸಾಗಣೆದಾರನ ಮನುಷ್ಯನೇ ಬಂದು ಕೋಣೆಗಳನ್ನೆಲ್ಲ ನೋಡಿ, ನಿಮ್ಮ ಸಾಮಾನು ಮಿತಿಯೊಳಗೇ ಇದೆ ಎಂದು ಅಂದಾಜು ಹೇಳಿದ್ದನಲ್ಲ ಎಂದು ಒಬ್ಬನ ವಾದ. ಅಂದಾಜು ಅಂದಾಜೇ, ತೂಕ ತೂಕವೇ ಎಂದು ಉತ್ತರ. ಹಿಂದಿನ ವರ್ಗದಲ್ಲಿ ಇದೇ ಸಾಮಾನು ಇಷ್ಟು ತೂಗಿರಲಿಲ್ಲ ಎಂದು ಇನ್ನೊಬ್ಬನ ವಾದ. ಆ ದಿನದ ತೂಕ ಈ ದಿನದ ತೂಕಕ್ಕೆ ಸಾಕ್ಷಿಯಾಗಲಾರದು ಎಂದು ಉತ್ತರ. ಮಿತಿ ಮೀರಿದೆಯೇ, ಎಷ್ಟು ಮೀರಿದೆ ಎಂಬುದು ವಾಸ್ತವಾಂಶದ ಪ್ರಶ್ನೆ. ಅದನ್ನು ಮೊದಲು ತೀರ್ಮಾನಿಸಬೇಕಾದದ್ದು ನೌಕರನ ಇಲಾಖೆ. ಆ ತೀರ್ಮಾನ ಸ್ಪಷ್ಟವಾಗಿ ತಪ್ಪೆಂದು ತೋರಿಸುವ ಭಾರ ನೌಕರನದು. ಇದು ಆ ಕಚೇರಿ ಬಿಡದೆ ಹಿಡಿದ ಸೂತ್ರ. ತೂಕ ಹೆಚ್ಚಾದದ್ದು ಯಾವ ಕಾರಣದಿಂದ, ಯಾರ ಅಜಾಗರೂಕತೆಯಿಂದ ಎಂಬುದು ಅಲ್ಲಿ ಅಪ್ರಸ್ತುತ.

ಮೂರನೆಯ ವಾದವೇ ಎಲ್ಲಕ್ಕಿಂತ ಮನಸ್ಸನ್ನು ಕಲಕುವಂಥದು. ನನ್ನ ಕಚೇರಿಯ ಅಧಿಕಾರಿಯೇ ಹೇಳಿದ, ಎಲ್ಲವನ್ನೂ ತೆಗೆದುಕೊಂಡು ಹೋಗು, ಸರ್ಕಾರ ಕೊಡುತ್ತದೆ ಎಂದು, ಅವನ ಮಾತು ನಂಬಿ ನಾನು ಹೊರಟೆ ಎಂಬುದು ಆ ವಾದ. ನಮ್ಮಲ್ಲಿ ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಯುಂಟು. ಇಲ್ಲಿ ನಡೆದದ್ದು ಅದರ ತಿರುವುಮುರುವು. ಪೂಜಾರಿ ವರ ಕೊಟ್ಟ, ದೇವರು ಒಪ್ಪಲಿಲ್ಲ. ಶಾಸನ ಕೊಡದ ಅಧಿಕಾರವನ್ನು ಅಧಿಕಾರಿಯ ಬಾಯಿಮಾತು ಕೊಡಲಾರದು, ಅವನ ತಪ್ಪು ಸಲಹೆಗೆ ಸರ್ಕಾರ ಬದ್ಧವಲ್ಲ ಎಂದೇ ತೀರ್ಪು.

ಈ ತತ್ತ್ವ ಸಾಮಾನಿನ ಮೊಕದ್ದಮೆಗಳಲ್ಲಿ ಹುಟ್ಟಿದ್ದಲ್ಲ. ಅದರ ಹಿಂದೆ ಆ ದೇಶದ ಸರ್ವೋಚ್ಚ ನ್ಯಾಯಾಲಯದ ಒಂದು ಪರಂಪರೆಯಿದೆ. 1920ರಲ್ಲಿ ರೈಲ್ವೆ ಕಂಪನಿಯೊಂದರ ತೆರಿಗೆಯ ವ್ಯಾಜ್ಯದಲ್ಲಿ ನ್ಯಾಯಮೂರ್ತಿ ಹೋಮ್ಸ್, ಸರ್ಕಾರದೊಡನೆ ವ್ಯವಹರಿಸುವವರು ಮೂಲೆಗಳನ್ನು ಚೊಕ್ಕಟವಾಗಿ, ಲಂಬಕೋನದಲ್ಲಿಯೇ ತಿರುಗಬೇಕು ಎಂಬರ್ಥದ ಮಾತನ್ನು ಆಡಿದರು. 1947ರಲ್ಲಿ ಐಡಹೋ ಪ್ರಾಂತದ ರೈತರ ಮೊಕದ್ದಮೆ ಬಂತು. ಗೋಧಿಯ ಬೆಳೆಗೆ ಸರ್ಕಾರದ ವಿಮೆ ಉಂಟೆಂದು ಸ್ಥಳೀಯ ಪ್ರತಿನಿಧಿಗಳು ಭರವಸೆ ಕೊಟ್ಟಿದ್ದರು. ಬರ ಬಂದು ಬೆಳೆ ನಾಶವಾಯಿತು. ಆ ಬಗೆಯ ಮರುಬಿತ್ತನೆಗೆ ವಿಮೆಯಿಲ್ಲವೆಂದು ಗೆಜೆಟ್ಟಿನಲ್ಲಿ ಪ್ರಕಟವಾದ ನಿಯಮವಿದೆಯೆಂದು ಆಮೇಲೆ ತಿಳಿಯಿತು. ಐವರು ನ್ಯಾಯಮೂರ್ತಿಗಳ ಬಹುಮತ ರೈತರ ವಿರುದ್ಧವಾಗಿ ತೀರ್ಪಿತ್ತಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಜಾಕ್ಸನ್ನರು ಕೇಳಿದ ಪ್ರಶ್ನೆ ಇಂದಿಗೂ ಸ್ಮರಣೀಯ. ಹೊಲದಲ್ಲಿ ದುಡಿಯುವವನು ಗೆಜೆಟ್ಟನ್ನು ಓದಿಕೊಂಡಿರಬೇಕೆಂದು ಬಯಸುವುದು ಎಷ್ಟು ಸರಿ ಎಂಬುದು ಅವರ ಆಕ್ಷೇಪ. ಮೂಲೆಯನ್ನು ಚೊಕ್ಕಟವಾಗಿ ತಿರುಗಬೇಕಾದದ್ದು ಪ್ರಜೆಯೊಬ್ಬನೇ ಏಕೆ, ಸರ್ಕಾರಕ್ಕೂ ಆ ನಿಯಮ ಬೇಡವೇ ಎಂಬುದು ಅವರ ವಾದದ ತಿರುಳು. 1990ರಲ್ಲಿ ನೌಕಾಪಡೆಯ ನಿವೃತ್ತ ಬೆಸುಗೆಗಾರನೊಬ್ಬನ ಪಿಂಚಣಿಯ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಅಧಿಕಾರಿಗಳ ತಪ್ಪು ಸಲಹೆಯ ಆಧಾರದ ಮೇಲೆ ಶಾಸನಕ್ಕೆ ವಿರುದ್ಧವಾಗಿ ಖಜಾನೆಯ ಹಣವನ್ನು ಕೊಡಿಸಲಾಗದು ಎಂದು ಖಚಿತಪಡಿಸಿತು. ಆಧಾರವಾಗಿ ಅದು ತೋರಿಸಿದ್ದು ಸಂವಿಧಾನದ ಅದೇ ಹಳೆಯ ಕಟ್ಟಳೆಯನ್ನು.

ಕಾವಲು ಇಷ್ಟು ಬಿಗಿಯಾಗಿದ್ದರೆ ಕರುಣೆಗೆ ದಾರಿಯೇ ಇರಲಿಲ್ಲವೇ ಎಂದು ತಾವು ಕೇಳಬಹುದು. ಇತ್ತು, ಆದರೆ ಕಿರಿದಾದ ದಾರಿ. 1928ರ ಒಂದು ಕಾನೂನು, ಶಾಸನದ ಪ್ರಕಾರ ಕೊಡಲಾಗದಿದ್ದರೂ ನ್ಯಾಯದೃಷ್ಟಿಯಿಂದ ಯೋಗ್ಯವೆನಿಸಿದ ಬೇಡಿಕೆಯನ್ನು ಕಂಪ್ಟ್ರೋಲರ್ ಜನರಲ್ ಕಾಂಗ್ರೆಸ್ಸಿಗೆ ಶಿಫಾರಸು ಮಾಡಬಹುದೆಂದಿತು. ಅದನ್ನು ಬಳಸಿದ್ದು ತೀರ ಅಸಾಧಾರಣ ಸಂದರ್ಭಗಳಲ್ಲಿ ಮಾತ್ರ. ತನ್ನ ಕ್ಷೇತ್ರದ ಸದಸ್ಯನನ್ನು ಹಿಡಿದು, ತನ್ನೊಬ್ಬನ ಪರಿಹಾರಕ್ಕಾಗಿಯೇ ಕಾಂಗ್ರೆಸ್ಸಿನಲ್ಲಿ ಖಾಸಗಿ ಮಸೂದೆ ತರಿಸುವುದು ಇನ್ನೊಂದು ದಾರಿ. 1968ರಲ್ಲಿ, ಸರ್ಕಾರ ತಪ್ಪಾಗಿ ಕೊಟ್ಟ ಸಂಬಳವನ್ನು ನೌಕರನ ದೋಷವಿಲ್ಲದಿದ್ದರೆ ಮನ್ನಾ ಮಾಡುವ ಅಧಿಕಾರ ಬಂತು. 1985ರ ಡಿಸೆಂಬರಿನಲ್ಲಿ ಆ ಅಧಿಕಾರವನ್ನು ಪ್ರಯಾಣ ಮತ್ತು ಸಾಗಣೆಯ ವೆಚ್ಚಗಳಿಗೂ ವಿಸ್ತರಿಸಿದರು. ಇನ್ನು ಹೆಚ್ಚುವರಿ ಭಾರದ ಬಾಕಿಗೂ ಬಿಡುಗಡೆಯಾಯಿತು ಎಂದು ನೌಕರರು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ಇಲ್ಲೊಂದು ತರ್ಕದ ಗಂಟು ಎದುರಾಯಿತು. ಮನ್ನಾ ಮಾಡಬಹುದಾದದ್ದು ತಪ್ಪಾಗಿ ಕೊಟ್ಟ ಹಣವನ್ನು ಮಾತ್ರ. ಹೆಚ್ಚುವರಿ ಭಾರದ ವಿಷಯದಲ್ಲಿ ಸರ್ಕಾರ ಸಾಗಣೆದಾರನಿಗೆ ಇಡೀ ಬಿಲ್ಲನ್ನು ಕೊಟ್ಟದ್ದು ತಪ್ಪೇ? ಅಲ್ಲ. ಮೊದಲು ಪೂರ್ತಿ ಕೊಟ್ಟು ಆಮೇಲೆ ನೌಕರನಿಂದ ಅವನ ಪಾಲನ್ನು ಪಡೆಯುವುದೇ ಅದರ ವಾಡಿಕೆಯ ಕ್ರಮ. ಕ್ರಮಬದ್ಧವಾಗಿ ಕೊಟ್ಟ ಹಣ ತಪ್ಪಾಗಿ ಕೊಟ್ಟ ಹಣವಲ್ಲ. ಆದಕಾರಣ ಸಾಮಾನ್ಯವಾಗಿ ಅದಕ್ಕೆ ಮನ್ನಾ ಇಲ್ಲ. ಸರ್ಕಾರ ತಪ್ಪು ಮಾಡಿದ್ದರೆ ನೌಕರ ಉಳಿಯುತ್ತಿದ್ದ. ಸರ್ಕಾರ ಸರಿಯಾಗಿ ನಡೆದುಕೊಂಡದ್ದರಿಂದ ಅವನು ಸಿಕ್ಕಿಬಿದ್ದ. ತರ್ಕಶಾಸ್ತ್ರಿಗಳು ತಲೆದೂಗುವಂತಹ ಈ ತೀರ್ಮಾನ, ಸಾಲ ಹೊತ್ತವನಿಗೆ ಎಷ್ಟು ಸಮಾಧಾನ ಕೊಟ್ಟೀತು ಎಂಬುದು ಬೇರೆ ಮಾತು. ಅವನಿಗೆ ದೊರೆತ ನಿಜವಾದ ರಕ್ಷಣೆ ಬೇರೊಂದು ದಿಕ್ಕಿನಿಂದ ಬಂತು. 1982ರ ಸಾಲ ವಸೂಲಿ ಕಾನೂನು, ಸಂಬಳದಿಂದ ಬಾಕಿಯನ್ನು ಹಿಡಿಯುವ ಮುನ್ನ ನೌಕರನಿಗೆ ತಿಳಿವಳಿಕೆ ಕೊಡಬೇಕು, ಬಯಸಿದರೆ ಅವನ ಅಹವಾಲನ್ನು ಕೇಳಬೇಕು, ಅವನ ಒಪ್ಪಿಗೆಯಿಲ್ಲದೆ ಕೈಗೆ ಬರುವ ಸಂಬಳದ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ಹಿಡಿಯಕೂಡದು ಎಂದು ವಿಧಿಸಿತು. ಸಾಲ ಹೋಗಲಿಲ್ಲ, ಆದರೆ ಒಂದೇ ತಿಂಗಳಲ್ಲಿ ಒಲೆ ಆರದಂತೆ ನೋಡಿಕೊಂಡಿತು.

ಈ ಮಿತಿಯ ಇನ್ನೊಂದು ಲಕ್ಷಣವನ್ನು ಗಮನಿಸಬೇಕು. ಅಮೆರಿಕದ ನಾಗರಿಕ ನೌಕರರಲ್ಲಿ 18,000 ಪೌಂಡು ಎಲ್ಲರಿಗೂ ಒಂದೇ. ಹಿರಿಯ ಅಧಿಕಾರಿಗೆ ಎಷ್ಟೋ ಕಿರಿಯ ಗುಮಾಸ್ತನಿಗೂ ಅಷ್ಟೇ. ಸೈನ್ಯದಲ್ಲಿ ಹಾಗಲ್ಲ. ಅಲ್ಲಿ ದರ್ಜೆ ಏರಿದಂತೆ ತೂಕವೂ ಏರುತ್ತದೆ. 18,000 ಪೌಂಡಿನ ಮೇಲ್ಮಿತಿ ದೊರೆಯುವುದು ಉನ್ನತ ದರ್ಜೆಯವರಿಗೆ ಮಾತ್ರ. ಆದರೆ ಸೈನಿಕನ ವೃತ್ತಿಗೆ ಬೇಕಾದ ಪುಸ್ತಕ, ಕಾಗದಪತ್ರ, ಸಲಕರಣೆಗಳನ್ನು ಮನೆಯ ಸಾಮಾನಿನ ತೂಕಕ್ಕೆ ಸೇರಿಸುವುದಿಲ್ಲ. ನಾಗರಿಕ ನೌಕರನಿಗೂ ಒಂದು ರಿಯಾಯಿತಿಯುಂಟು. ವೃತ್ತಿಯ ಪುಸ್ತಕಗಳಿಂದಾಗಿ ತೂಕ ಮಿತಿ ಮೀರುವಂತಿದ್ದರೆ, ಅವನ್ನು ಇಲಾಖೆ ತನ್ನ ಆಡಳಿತ ವೆಚ್ಚದಲ್ಲಿ ಬೇರೆಯಾಗಿ ಸಾಗಿಸಬಹುದು. ಅದಕ್ಕೆ ಮುಂಚಿತವಾದ ಅನುಮತಿ ಬೇಕು. ವಿದ್ಯೆಯ ಭಾರವನ್ನು ಸಂಸಾರದ ಭಾರದಿಂದ ಬೇರ್ಪಡಿಸಿ ನೋಡಿದ ಈ ವಿವೇಕ ಮೆಚ್ಚತಕ್ಕದ್ದು.

ನಮ್ಮ ದೇಶದ ಕೇಂದ್ರ ಸರ್ಕಾರದ ನಿಯಮಗಳಲ್ಲಿಯೂ ವರ್ಗವಾದ ನೌಕರನ ಸಾಮಾನಿಗೆ ತೂಕದ ಮಿತಿಯಿದೆ. ಆದರೆ ಅದು ಸಂಬಳದ ಶ್ರೇಣಿಯನ್ನು ಅನುಸರಿಸುತ್ತದೆ. 2017ರಲ್ಲಿ ಏಳನೆಯ ವೇತನ ಆಯೋಗದ ಬಳಿಕ ಹೊರಟ ಆದೇಶದಂತೆ ಆರನೆಯ ಶ್ರೇಣಿ ಮತ್ತು ಅದಕ್ಕೆ ಮೇಲ್ಪಟ್ಟವರಿಗೆ 6,000 ಕಿಲೋಗ್ರಾಂ, ಐದನೆಯ ಶ್ರೇಣಿಗೆ 3,000, ನಾಲ್ಕು ಮತ್ತು ಅದಕ್ಕೆ ಕೆಳಗಿನವರಿಗೆ 1,500. ಸಂಬಳ ಕಡಮೆಯಾದವನ ಮನೆಯಲ್ಲಿ ಸಾಮಾನೂ ಕಡಮೆಯೇ ಇರುತ್ತದೆ ಎಂಬುದು ಇದರ ಹಿಂದಿನ ಊಹೆಯಾಗಿರಬಹುದು. ಆ ಊಹೆ ಬಹುಮಟ್ಟಿಗೆ ನಿಜವೂ ಹೌದು. ಆದರೂ ತಂದೆತಾಯಿ, ತಂಗಿತಮ್ಮಂದಿರೊಡನೆ ಬಾಳುವ ತುಂಬಿದ ಮನೆಯ ಜವಾನನೊಬ್ಬನ ಪಾತ್ರೆ ಪಗಡೆ, ಹಾಸಿಗೆ ಬಟ್ಟೆಗಳನ್ನು ನೆನೆದಾಗ, ಸಂಸಾರದ ಭಾರ ಸಂಬಳದ ಶ್ರೇಣಿಯನ್ನೇ ಹಿಡಿದು ನಡೆಯುತ್ತದೆಯೇ ಎಂಬ ಪ್ರಶ್ನೆ ಏಳದಿರದು.

ಕಥೆಯ ಉಳಿದ ಭಾಗ ಚಿಕ್ಕದು. 1996ರಲ್ಲಿ ಇಂತಹ ಬೇಡಿಕೆಗಳನ್ನು ತೀರ್ಮಾನಿಸುವ ಕೆಲಸ ಕಂಪ್ಟ್ರೋಲರ್ ಜನರಲರ ಕೈಬಿಟ್ಟು, ನಾಗರಿಕ ನೌಕರರ ಮಟ್ಟಿಗೆ ಸರ್ಕಾರದ ಗುತ್ತಿಗೆ ವ್ಯಾಜ್ಯಗಳನ್ನು ಕೇಳುವ ಮಂಡಲಿಯೊಂದಕ್ಕೆ ಹೋಯಿತು. 2007ರ ಜನವರಿಯಲ್ಲಿ ಆ ಮಂಡಲಿ ಇನ್ನೂ ದೊಡ್ಡದಾದ ಮಂಡಲಿಯಲ್ಲಿ ಲೀನವಾಯಿತು. ಜನರಲ್ ಅಕೌಂಟಿಂಗ್ ಆಫೀಸು 2004ರಲ್ಲಿ ತನ್ನ ಹೆಸರನ್ನು ಗವರ್ನಮೆಂಟ್ ಅಕೌಂಟಬಿಲಿಟಿ ಆಫೀಸ್ ಎಂದು ಬದಲಿಸಿಕೊಂಡಿತು. ಪೀಠ ಬದಲಾಯಿತು, ಹೆಸರು ಬದಲಾಯಿತು, ಸೂತ್ರ ಬದಲಾಗಲಿಲ್ಲ. ಕಾಗದ, ರಟ್ಟಿನ ಪೆಟ್ಟಿಗೆ ಮೊದಲಾದ ಕಟ್ಟುವ ಸಾಮಗ್ರಿಗಾಗಿ ನಿಯಮಾವಳಿ 2,000 ಪೌಂಡಿನಷ್ಟು ಪ್ರತ್ಯೇಕ ಅವಕಾಶ ಕೊಟ್ಟು, ಒಟ್ಟು ತೂಕವನ್ನು 20,000 ಪೌಂಡಿನವರೆಗೆ ಒಪ್ಪಿತು. ಹದಿನೆಂಟು ಸಾವಿರದ ಗೆರೆ ಮಾತ್ರ 1983ರಲ್ಲಿ ಎಳೆದಲ್ಲಿಯೇ ಇದೆ.

ಈ ಚರಿತ್ರೆಯಿಂದ ನಾವು ಪಡೆಯಬಹುದಾದ ತಿಳಿವಳಿಕೆ ಏನು? ಬೊಕ್ಕಸವನ್ನು ಕಾಯುವವರನ್ನು ಕಟುಕರೆಂದು ಜರಿಯುವುದು ಸುಲಭ. ಆದರೆ ಒಬ್ಬನ ಕಣ್ಣೀರಿಗೆ ಗೆರೆ ದಾಟಿದ ಕಾವಲುಗಾರ ಇನ್ನೊಬ್ಬನ ಶಿಫಾರಸಿಗೂ ದಾಟಬೇಕಾಗುತ್ತದೆ. ಗುಮಾಸ್ತನಿಗೂ ಅಧಿಕಾರಿಗೂ ಒಂದೇ ತೂಕ ಎಂಬ ಸಮತೆ ಉಳಿದದ್ದು ಆ ಕಠಿಣತೆಯಿಂದಲೇ. ಅದೇ ವೇಳೆ ಜಾಕ್ಸನ್ನರ ಪ್ರಶ್ನೆಯನ್ನೂ ಮರೆಯುವಂತಿಲ್ಲ. ತನ್ನ ಅಗತ್ಯಕ್ಕಾಗಿ ಒಂದು ಸಂಸಾರವನ್ನು ಸಾವಿರಾರು ಮೈಲಿ ಸಾಗಿಸುವ ಸರ್ಕಾರ, ಮಿತಿಯೆಷ್ಟು, ಮೀರಿದರೆ ತೆರಬೇಕಾದದ್ದೆಷ್ಟು ಎಂಬುದನ್ನು ಲಾರಿ ಬಾಗಿಲಿಗೆ ಬರುವ ಮೊದಲೇ ಸ್ಪಷ್ಟವಾಗಿ ತಿಳಿಸಬೇಕು. ಅಂದಾಜನ್ನು ನಂಬಿ ಹೊರಟವನಿಗೆ ದಾರಿಯಲ್ಲಿಯೇ ನಿಜವಾದ ತೂಕ ತಿಳಿಯುವಂತಾಗಬೇಕು. ತೂಕದ ಚೀಟಿ ನೌಕರನ ಕೈಗೂ ಅಂದೇ ಸೇರಬೇಕು. ಇಷ್ಟನ್ನು ಮಾಡಿದ ಸರ್ಕಾರ, ಹೆಚ್ಚಾದ ಭಾರದ ಹಣ ಕೇಳಿದರೆ ಅದನ್ನು ಯಾರೂ ಅನ್ಯಾಯವೆನ್ನಲಾರರು. ತಕ್ಕಡಿ ಕಟ್ಟುನಿಟ್ಟಾಗಿರಲಿ, ಅದರ ಮುಳ್ಳು ಮಾತ್ರ ತೂಗುವವನಿಗೂ ತೂಗಿಸಿಕೊಳ್ಳುವವನಿಗೂ ಒಂದೇ ಸಮನಾಗಿ ಕಾಣುವಂತಿರಬೇಕು.